ಥಾಣೆ ಫೋಲ್ಡರಿಗೆ ಕಾಣೆಯಾದ ಛತ್ರಿ: ಮೇಲ್ ಫಿಲ್ಟರಿನಲ್ಲಿ ರೆಜೆಕ್ಸ್

ಮುಂಬೈ ಕಡೆ ಕನ್ನಡ ಸಂಘಗಳ ಇನ್‌ಬಾಕ್ಸ್ ನೋಡಿಕೊಳ್ಳುವವರಿಗೆ ಈ ಟಿಪ್ಪಣಿ. ವಿಷಯದ ಸಾಲಿನಲ್ಲಿ ಊರಿನ ಹೆಸರು ಇದ್ದರೆ ಮೇಲ್ ಆ ಊರಿನ ಫೋಲ್ಡರಿಗೆ ಹೋಗಬೇಕು, ಅಷ್ಟೇ. ತೊಂದರೆ ಏನಂದರೆ, ಒಬ್ಬರು ‘ಥಾಣೆ’ ಅಂತ ಬರೆಯುತ್ತಾರೆ, ಇನ್ನೊಬ್ಬರು ‘ಠಾಣೆ’.

ಮೊದಲು ನಿಮ್ಮ ಫಿಲ್ಟರಿಗೆ ರೆಜೆಕ್ಸ್ (ಪದದ ಮಾದರಿ ಬರೆದು ಹುಡುಕುವ ಸಂಕೇತ ಭಾಷೆ) ಬರುತ್ತಾ ನೋಡಿ. ಜಿಮೇಲ್‌ನ ಮಾಮೂಲಿ ಫಿಲ್ಟರಿಗೆ ಬರಲ್ಲ. ಸೀವ್ ಅನ್ನೋ ಮೇಲ್ ಫಿಲ್ಟರ್ ಭಾಷೆಯ ಮೂಲ ನಿಯಮಗಳಲ್ಲಿ (ಆರ್‌ಎಫ್‌ಸಿ 5228 ಅನ್ನೋ ಇಂಟರ್‌ನೆಟ್ ಮಾನದಂಡ, 2008) ರೆಜೆಕ್ಸ್ ಇಲ್ಲ, ಅಲ್ಲಿ ‘ಏನು ಬೇಕಾದರೂ ಇರಲಿ’ ಅನ್ನೋದಕ್ಕೆ * ಸಾಕು. ರೆಜೆಕ್ಸ್‌ನಲ್ಲಿ ಅದಕ್ಕೆ .* ಬೇಕು. ^ ಅಂದರೆ ಸಾಲಿನ ಶುರು, $ ಅಂದರೆ ಕೊನೆ.

ಈಗ ತಲೆ ಕೆಡಿಸುವ ಭಾಗ. ಚೌಕ ಬ್ರಾಕೆಟ್ ಅಂದರೆ ‘ಇದರಲ್ಲಿ ಯಾವುದಾದರೂ ಒಂದು’. ಹಾಗಾದರೆ [ಥಾಠಾ]ಣೆ ಸಾಕು ಅನ್ನಿಸುತ್ತೆ, ಅಲ್ವಾ? ಪರೀಕ್ಷೆ ಮಾಡಿದರೆ ಎರಡೂ ಸಿಗುತ್ತವೆ ಬೇರೆ! ಆದರೆ ‘ನನ್ನ ಛತ್ರಿ ಕಾಣೆಯಾಗಿದೆ’ ಅನ್ನೋ ಮೇಲ್ ಕೂಡ ಅದೇ ಫೋಲ್ಡರಿಗೆ ಬೀಳುತ್ತೆ.

ಕಾರಣ ಇಷ್ಟು. ‘ಥಾ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಯುನಿಕೋಡ್‌ನಲ್ಲಿ ಅದು ಎರಡು: ಥ, ಆಮೇಲೆ ಆ-ಕಾರದ ಚಿಹ್ನೆ. ಬ್ರಾಕೆಟ್ ಒಳಗೆ ಹಾಕಿದ ತಕ್ಷಣ ಇವು ಬಿಡಿಬಿಡಿಯಾಗುತ್ತವೆ. ಈಗ ಅದರ ಅರ್ಥ ‘ಥ ಅಥವಾ ಠ ಅಥವಾ ಬರೀ ಆ-ಕಾರ’. ‘ಕಾಣೆ’ಯಲ್ಲಿ ಆ-ಕಾರ ಇದೆ, ಅದರ ಪಕ್ಕದಲ್ಲೇ ‘ಣೆ’ ಇದೆ. ಸಿಕ್ಕಿತು! ‘ಥಾಣೆ’ ಸಿಕ್ಕಿದ್ದೂ ಹೀಗೇ, ಥ ಬಿಟ್ಟು ಅಕ್ಷರದ ನಡುವಿನಿಂದ. ನಂಬಿಕೆ ಬರದಿದ್ದರೆ ಮುಂದೆ ^ ಹಾಕಿ ನೋಡಿ. ‘ಥಾಣೆ’ ಅಂತಲೇ ಶುರುವಾಗುವ ಸಾಲೂ ಸಿಗಲ್ಲ.

ಸರಿಯಾದದ್ದು (ಥಾ|ಠಾ)ಣೆ. ಇಲ್ಲಿ | ಅಂದರೆ ‘ಅಥವಾ’, ‘ಥಾ’ ‘ಠಾ’ ಎರಡೂ ಒಡೆಯದೆ ಇಡಿಯಾಗಿ ಉಳಿಯುತ್ತವೆ. ಕನ್ನಡಕ್ಕೆ ಚೌಕ ಬ್ರಾಕೆಟ್ ಸಹವಾಸವೇ ಬೇಡ ಅನ್ನೋದು ನನ್ನ ಅಭಿಪ್ರಾಯ. ಅಂಕಿಗೆ ಮಾತ್ರ [0-9೦-೯] ಅಂತ ಇಟ್ಟುಕೊಳ್ಳಿ. ಚುಕ್ಕಿ ಅಂದರೆ ‘ಯುನಿಕೋಡ್ ಲೆಕ್ಕದ ಯಾವುದಾದರೂ ಒಂದು ಅಕ್ಷರ’, ಅದರದೂ ಇದೇ ಕತೆ: ಕ.ಡ ಬರೆದರೆ ‘ಕನ್ನಡ’ ಸಿಗಲ್ಲ, ಕ...ಡ ಬೇಕು. ನಡುವೆ ಇರೋದು ನ, ಒತ್ತಕ್ಷರ ಮಾಡುವ ಚಿಹ್ನೆ (್), ಮತ್ತೆ ನ. ಎಣಿಸಿ ನೋಡಿ.

ಕೊನೆಗೆ $ ಹಾಕಬೇಡಿ. ‘ಥಾಣೆಯಲ್ಲಿ’, ‘ಥಾಣೆಗೆ’ ಅಂತ ಬಾಲ ಅಂಟಿಕೊಂಡೇ ಬರುತ್ತೆ. ‘ಪೊಲೀಸ್ ಠಾಣೆ’ಯನ್ನು ಹೊರಗಿಡಲು ಇದಕ್ಕಿಂತ ಮೇಲೆ ಇನ್ನೊಂದು ನಿಯಮ ಹಾಕಿ, ಅಲ್ಲೇ ನಿಲ್ಲಿಸಿ.

ಪ್ರೋಕ್‌ಮೇಲ್ ಅನ್ನೋ ಮೇಲ್ ವಿಂಗಡಿಸುವ ತಂತ್ರಾಂಶ ಬಳಸುವವರಿಗೆ ಇದ್ಯಾವುದೂ ನೇರವಾಗಿ ನಡೆಯಲ್ಲ. ಕನ್ನಡದ ವಿಷಯ ಸಾಲು ಸಾಮಾನ್ಯವಾಗಿ ಬೇಸ್64 ವೇಷದಲ್ಲಿ (ಇಂಗ್ಲಿಷ್ ಅಕ್ಷರ, ಅಂಕಿಗಳ ಸಂಕೇತವಾಗಿ) ಬರುತ್ತೆ, ಪ್ರೋಕ್‌ಮೇಲ್ ಅದನ್ನು ಬಿಡಿಸದೆ ಹಾಗೇ ಓದುತ್ತೆ. ಮೊದಲು ಡಿಕೋಡ್ ಮಾಡಿಸಿ, ಆಮೇಲೆ ಹುಡುಕಿ.