ಬಿಡ್ ಪತ್ರ ಬರೆಯುವ ಮುನ್ನ ಊರುಗಳು ಬರೆದುಕೊಳ್ಳಬೇಕಾದ ಕರಾರು

ಓದುಗರ ಪ್ರಶ್ನೆ: ಮಹಾನಗರವಿಲ್ಲದ, ನಾಲ್ಕೈದು ಮಧ್ಯಮ ಗಾತ್ರದ ಊರುಗಳಿರುವ ಪ್ರದೇಶವೊಂದು ಅಂತರರಾಷ್ಟ್ರೀಯ ಬಹುಕ್ರೀಡಾ ಕೂಟದ ಆತಿಥ್ಯಕ್ಕೆ ಬಿಡ್ ಸಲ್ಲಿಸಬಹುದೇ? ಸಲ್ಲಿಸುವುದಾದರೆ ತಯಾರಿ ಎಲ್ಲಿಂದ ಆರಂಭವಾಗಬೇಕು?

ಸಲ್ಲಿಸಬಹುದು. ಹದಿನೈದು ವರ್ಷಗಳ ಹಿಂದೆ ಇದೇ ಪ್ರಶ್ನೆ ಬಂದಿದ್ದರೆ, ಕನಿಷ್ಠ ಒಲಿಂಪಿಕ್ಸ್ ಮಟ್ಟಿಗೆ ಇಷ್ಟು ಧೈರ್ಯದಿಂದ ಉತ್ತರಿಸಲು ಆಗುತ್ತಿರಲಿಲ್ಲ. 2019ರ ಜೂನ್ 26ರಂದು ಲೂಸಾನ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನ ತನ್ನ ನಿಯಮಾವಳಿಯನ್ನು ತಿದ್ದಿ, ಹಲವು ನಗರಗಳು, ಪ್ರದೇಶಗಳು, ಬೇಕಿದ್ದರೆ ದೇಶಗಳೇ ಒಟ್ಟಾಗಿ ಆತಿಥ್ಯ ವಹಿಸಲು ಬಾಗಿಲು ತೆರೆಯಿತು. ಅದಕ್ಕೆ ಎರಡು ದಿನ ಮೊದಲು ಅದೇ ಅಧಿವೇಶನ 2026ರ ಚಳಿಗಾಲದ ಕೂಟವನ್ನು 47–34 ಮತಗಳಿಂದ ಇಟಲಿಯ ಮಿಲಾನೊ–ಕೊರ್ಟಿನಾ ಜೋಡಿಗೆ ಕೊಟ್ಟಿತ್ತು. ಆ ಎರಡು ಊರುಗಳ ನಡುವೆ ರಸ್ತೆಯಲ್ಲಿ ಸುಮಾರು 400 ಕಿಲೋಮೀಟರ್ ದೂರ. 2030ರ ಚಳಿಗಾಲದ ಕೂಟ ಪಡೆದ ‘ಫ್ರೆಂಚ್ ಆಲ್ಪ್ಸ್’ ಹೆಸರಿನಲ್ಲಂತೂ ನಗರವೇ ಇಲ್ಲ. ಎರಡು ಆಡಳಿತ ಪ್ರದೇಶಗಳು ಕೂಡಿ ಮಾಡಿದ ಬಿಡ್ ಅದು. 2027ರ ವಿಶ್ವ ವಿಶ್ವವಿದ್ಯಾಲಯ ಕ್ರೀಡಾಕೂಟ ದಕ್ಷಿಣ ಕೊರಿಯಾದ ಚುಂಗ್‌ಚಿಯಾಂಗ್ ಪ್ರದೇಶಕ್ಕೆ ಸಿಕ್ಕಿದೆ. ಅಲ್ಲಿಯೂ ಎರಡು ನಗರಗಳು, ಎರಡು ಪ್ರಾಂತ್ಯಗಳು, ಒಟ್ಟು ನಾಲ್ಕು ಸ್ಥಳೀಯ ಆಡಳಿತಗಳು ಒಂದೇ ಅರ್ಜಿಯ ಹಿಂದೆ ನಿಂತಿದ್ದವು.

ಪ್ರಶ್ನೆಯ ಎರಡನೆಯ ಭಾಗವೇ ನನಗೆ ಮುಖ್ಯವಾಗಿ ಕಾಣುವುದು. ತಯಾರಿ ಎಂದೊಡನೆ ಹೆಚ್ಚಿನವರ ಕಣ್ಣ ಮುಂದೆ ಬರುವುದು ಲಾಂಛನ, ಘೋಷವಾಕ್ಯ, ಹೊಳೆಯುವ ಕಾಗದದ ಮೇಲೆ ಅಚ್ಚಾದ ಬಿಡ್ ಪುಸ್ತಕ. ಕೂಸು ಹುಟ್ಟುವ ಮುನ್ನ ಹೊಲಿಸಿದ ಕುಲಾವಿಯವು. ಹೊರಗಿನ ಸಂಸ್ಥೆಗೆ ಅರ್ಜಿ ಬರೆಯುವ ಮೊದಲು ಆ ನಾಲ್ಕೈದು ಊರುಗಳು ತಮ್ಮತಮ್ಮಲ್ಲಿ ಒಂದು ಕರಾರು ಬರೆದುಕೊಳ್ಳಬೇಕು. ಯಾವ ಆಟ ಎಲ್ಲಿ, ಯಾರ ಹಣ ಎಷ್ಟು, ಅಂದಾಜು ಮೀರಿದರೆ ಹೊರೆ ಯಾರದು, ಕೂಟ ಮುಗಿದ ಮರುದಿನದಿಂದ ಬೀಗದ ಕೈ ಯಾರ ಬಳಿ. ಇಷ್ಟು ಇತ್ಯರ್ಥವಾಗದೆ ಹೊರಟ ಬಿಡ್‌ಗಳು ಗೆದ್ದ ಮೇಲೂ ಮುರಿದು ಬಿದ್ದಿವೆ.

ಅದಕ್ಕೂ ಮುಂಚೆ ಒಂದು ಮಾತು ತಿಳಿದಿರಲಿ. ಪ್ರದೇಶವು ತಾನಾಗಿಯೇ ಹೋಗಿ ಬಾಗಿಲು ತಟ್ಟುವಂತಿಲ್ಲ. ಒಲಿಂಪಿಕ್ಸ್, ಏಷ್ಯನ್ ಕ್ರೀಡಾಕೂಟಗಳಿಗೆ ರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೂಲಕ, ಕಾಮನ್‌ವೆಲ್ತ್ ಕೂಟಕ್ಕೆ ಆ ದೇಶದ ಕಾಮನ್‌ವೆಲ್ತ್ ಕ್ರೀಡಾ ಸಂಸ್ಥೆಯ ಮೂಲಕವೇ ಹೋಗಬೇಕು. ರಾಷ್ಟ್ರ ಸರ್ಕಾರದ ಖಾತರಿ ಪತ್ರವೂ ಬೇಕು. ಭದ್ರತೆ, ವೀಸಾ, ಕಸ್ಟಮ್ಸ್ ಯಾವ ನಗರಸಭೆಯ ಕೈಯಲ್ಲೂ ಇರುವ ವಿಷಯಗಳಲ್ಲ. 2022ರ ಕಾಮನ್‌ವೆಲ್ತ್ ಕೂಟಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್ ಏಕೈಕ ಸ್ಪರ್ಧಿಯಾಗಿ ಗೆದ್ದಿತ್ತು. ಸರ್ಕಾರದಿಂದ ಬರಬೇಕಾದ ಹಣಕಾಸಿನ ಖಾತರಿ ಬಾರದೆ 2017ರ ಮಾರ್ಚ್‌ನಲ್ಲಿ ಹಕ್ಕನ್ನು ಕಳೆದುಕೊಂಡಿತು. ಕೂಟ ಬರ್ಮಿಂಗ್‌ಹ್ಯಾಮ್ ಪಾಲಾಯಿತು. ಫ್ರೆಂಚ್ ಆಲ್ಪ್ಸ್ ಆಯ್ಕೆ ನಡೆದ 2024ರ ಜುಲೈನಲ್ಲಿ ಫ್ರಾನ್ಸ್‌ನಲ್ಲಿ ಚುನಾವಣೆ ಮುಗಿದು ಹೊಸ ಸರ್ಕಾರ ಇನ್ನೂ ರಚನೆಯಾಗಿರಲಿಲ್ಲ. ಹಾಗಾಗಿ ಸರ್ಕಾರದ ಖಾತರಿ ಬರಬೇಕೆಂಬ ಷರತ್ತಿನ ಮೇಲೆಯೇ ಅದನ್ನು ಆರಿಸಲಾಯಿತು.

ಈಗ ಕೆಲಸಕ್ಕೆ ಬರೋಣ. ಮೊದಲ ಕೆಲಸ ಇರುವುದನ್ನು ಅಳೆಯುವುದು. ಕಡತದಲ್ಲಿ ನೋಡಿ ಪಟ್ಟಿ ಮಾಡಿದರೆ ಸಾಲದು, ಸ್ಥಳಕ್ಕೆ ಹೋಗಿ ಅಳೆಯಬೇಕು.

ಒಂದು ಊರಿನ ಈಜುಕೊಳವನ್ನೇ ತೆಗೆದುಕೊಳ್ಳಿ. ದಾಖಲೆಯಲ್ಲಿ ಅದು 50 ಮೀಟರ್ ಕೊಳ, ಬಾಗಿಲ ಫಲಕದಲ್ಲೂ ಹಾಗೆಯೇ ಬರೆದಿದೆ. ವಿಶ್ವಮಟ್ಟದ ಸ್ಪರ್ಧೆಗೆ ಉದ್ದ ಕೂದಲೆಳೆಯಷ್ಟು ಹೆಚ್ಚಿದ್ದರೆ ನಡೆಯುತ್ತದೆ, ಒಂದು ಮಿಲಿಮೀಟರ್ ಕಡಿಮೆಯಾದರೂ ನಡೆಯುವುದಿಲ್ಲ. ಈ ಅಳತೆಯನ್ನು ತೆಗೆಯುವುದು ಸ್ಪರ್ಶ ಫಲಕಗಳನ್ನು ಅಳವಡಿಸಿದ ಮೇಲೆ. ಈಜುಗಾರ್ತಿಯ ಬೆರಳು ತಾಗಿದೊಡನೆ ಗಡಿಯಾರ ನಿಲ್ಲಿಸುವ ಆ ಫಲಕ ಸುಮಾರು ಒಂದು ಸೆಂಟಿಮೀಟರ್ ದಪ್ಪ. ಎರಡು ತುದಿಗೆ ಎರಡು. ಗೋಡೆಯಿಂದ ಗೋಡೆಗೆ ಸರಿಯಾಗಿ 50 ಮೀಟರ್ ಕಟ್ಟಿದ ಕೊಳ, ಫಲಕ ಇಳಿಸಿದ ಕ್ಷಣದಲ್ಲಿ 49.98 ಮೀಟರ್ ಆಗುತ್ತದೆ. ಅಲ್ಲಿ ವಿಶ್ವದಾಖಲೆಯ ವೇಗದಲ್ಲಿ ಈಜಿದರೂ ಅದು ದಾಖಲೆಯಾಗುವುದಿಲ್ಲ. ನಡುವೆ ಯಾರೋ ಹಳೆಯ ಟೈಲ್ಸ್ ಮೇಲೆಯೇ ಹೊಸ ಟೈಲ್ಸ್ ಕೂರಿಸಿದ್ದರೆ ಇನ್ನಷ್ಟು ಕಡಿಮೆ. ವಾಲಿಬಾಲ್‌ಗೂ ಹೀಗೆಯೇ. ಅಂತರರಾಷ್ಟ್ರೀಯ ಸಂಸ್ಥೆಯ ಪಂದ್ಯಗಳಿಗೆ ಅಂಕಣದ ಮೇಲೆ 12.5 ಮೀಟರ್ ಅಡೆತಡೆಯಿಲ್ಲದ ಎತ್ತರ ಬೇಕು. ಚಾವಣಿ ಅಷ್ಟು ಎತ್ತರವಿದ್ದು, ಅದರಿಂದ ದೀಪದ ಚೌಕಟ್ಟೋ ಗಾಳಿಯ ಕೊಳವೆಯೋ ಕೆಳಗಿಳಿದಿದ್ದರೆ ಆ ಸಭಾಂಗಣ ಪಟ್ಟಿಯಿಂದ ಹೊರಗೆ. ಅಥ್ಲೆಟಿಕ್ಸ್‌ನಲ್ಲಿ ಜನ ಮರೆಯುವುದು ವಾರ್ಮ್‌ಅಪ್ ಟ್ರ್ಯಾಕನ್ನು. ಮುಖ್ಯ ಕ್ರೀಡಾಂಗಣದ ಪಕ್ಕದಲ್ಲೇ ಇನ್ನೊಂದು ಟ್ರ್ಯಾಕ್ ಬೇಕು. ಊರು ಬೆಳೆದು ಕ್ರೀಡಾಂಗಣವನ್ನು ಸುತ್ತುವರಿದಿದ್ದರೆ ಆ ಜಾಗ ಎಲ್ಲಿಂದ ಬರಬೇಕು?

ಹೀಗೆ ಅಳೆದ ಮೇಲೆ ಮೂರು ರಾಶಿ ಮಾಡಿ: ಇದ್ದಂತೆಯೇ ಬಳಸಬಹುದಾದದ್ದು, ತಾತ್ಕಾಲಿಕ ಗ್ಯಾಲರಿ ಮತ್ತು ದುರಸ್ತಿಯಿಂದ ಸರಿಹೋಗುವುದು, ಹೊಸದಾಗಿ ಕಟ್ಟಬೇಕಾದದ್ದು. ಮೂರನೆಯ ರಾಶಿ ದೊಡ್ಡದಾದರೆ ಆ ಕೂಟ ನಿಮ್ಮ ಪ್ರದೇಶದ್ದಲ್ಲ. ಅದಕ್ಕಿಂತ ಚಿಕ್ಕದನ್ನು ನೋಡಬೇಕು. ಇದರಲ್ಲಿ ಅವಮಾನವೇನೂ ಇಲ್ಲ. ಚುಂಗ್‌ಚಿಯಾಂಗ್ ಕೂಡ ಮೊದಲು ಕಣ್ಣಿಟ್ಟಿದ್ದು 2030ರ ಏಷ್ಯನ್ ಕ್ರೀಡಾಕೂಟದ ಮೇಲೆ. ಅದು ಕೈಗೂಡದಿದ್ದಾಗ ವಿಶ್ವವಿದ್ಯಾಲಯ ಕೂಟದ ಕಡೆ ತಿರುಗಿ, 2022ರ ನವೆಂಬರ್‌ನಲ್ಲಿ ಅಮೆರಿಕದ ಉತ್ತರ ಕೆರೊಲಿನಾವನ್ನು ಹಿಂದಿಕ್ಕಿ ಗೆದ್ದಿತು.

ಅಕ್ಕಪಕ್ಕದ ಪ್ರದೇಶದಲ್ಲಿ ಇರುವುದನ್ನು ಎರವಲು ಪಡೆಯಲು ಹಿಂಜರಿಯುವುದೂ ಬೇಡ. ಮಂಜುಗಡ್ಡೆಯ ಮೇಲೆ ಜಾರುಬಂಡಿ ಓಡಿಸುವ ಬಾಬ್‌ಸ್ಲೆಡ್ ಹಾದಿಯ ವಿಷಯದಲ್ಲಿ ಒಲಿಂಪಿಕ್ ಸಮಿತಿ ಇಟಲಿಗೆ ಹೇಳಿದ್ದು ಇದನ್ನೇ: ನೆರೆ ದೇಶಗಳಲ್ಲಿ ಸಿದ್ಧವಿರುವುದನ್ನು ಬಳಸಿ. ಇಟಲಿ ಒಪ್ಪದೆ ಕೊರ್ಟಿನಾದಲ್ಲಿ ಹೊಸದನ್ನೇ ಕಟ್ಟಿತು. ಸಮಿತಿಯ ಸಲಹೆಯೇ ಸರಿಯಿತ್ತೆಂದು ನನ್ನ ಅಭಿಪ್ರಾಯ. ಕೊರ್ಟಿನಾದ ಹಳೆಯ ಹಾದಿ 2008ರಲ್ಲೇ ಮುಚ್ಚಿಹೋಗಿತ್ತು. ಅಂಥ ಆಟಕ್ಕೆ ವರ್ಷವಿಡೀ ಆಟಗಾರರು ಸಿಗುವುದು ಕಷ್ಟ.

ಪ್ರಾದೇಶಿಕ ಬಿಡ್ ನಿಜಕ್ಕೂ ಎಡವುವುದು ವಸತಿಯಲ್ಲಿ. ಕೂಟವನ್ನು ನಾಲ್ಕು ಊರುಗಳಿಗೆ ಹಂಚಿದರೆ ಖರ್ಚೂ ನಾಲ್ಕು ಪಾಲಾಗುತ್ತದೆ ಎಂದು ನಂಬುವವರು ಬಹಳ ಮಂದಿ. ಆಗುವುದು ತಿರುವುಮುರುವು. ಆಟಗಾರರು ತಂಗುವ ಕ್ರೀಡಾಗ್ರಾಮ ಒಂದೇ ಇದ್ದರೆ ಒಂದು ಅಡುಗೆಮನೆ, ಒಂದು ಚಿಕಿತ್ಸಾಲಯ, ಒಂದು ಭದ್ರತಾ ಬೇಲಿ, ಒಂದು ಬಸ್ ನಿಲ್ದಾಣ. ನಾಲ್ಕು ಗ್ರಾಮಗಳಾದರೆ ಇವೆಲ್ಲ ನಾಲ್ಕು ನಾಲ್ಕು. ಇಡೀ ದಿನ ಎಚ್ಚರವಿರಬೇಕಾದ ಸಿಬ್ಬಂದಿ, ಜನರೇಟರ್, ಪ್ರಸಾರಕ್ಕೆ ಬೇಕಾದ ತಂತಿಜಾಲ, ಡೋಪಿಂಗ್ ಪರೀಕ್ಷೆಯ ಕೊಠಡಿ ಯಾವುದನ್ನೂ ಕಾಲುಭಾಗ ಮಾಡಲು ಬರುವುದಿಲ್ಲ. ಚಿಕ್ಕ ದೇಶವೊಂದರ ತಂಡವನ್ನು ಊಹಿಸಿಕೊಳ್ಳಿ: ಎಂಟು ಕ್ರೀಡಾಪಟುಗಳು, ಒಬ್ಬ ವೈದ್ಯೆ, ಒಬ್ಬ ವ್ಯವಸ್ಥಾಪಕ. ಅವರು ಮೂರು ಊರುಗಳಲ್ಲಿ ಚದುರಿದರೆ ವೈದ್ಯೆ ಯಾವ ಊರಿನಲ್ಲಿ ಮಲಗಬೇಕು? ರಾತ್ರಿ ಹತ್ತಕ್ಕೆ ಪಂದ್ಯ ಮುಗಿಸಿ, ಡೋಪಿಂಗ್ ಪರೀಕ್ಷೆಗೆ ಮಾದರಿ ಕೊಡಲು ಕುಳಿತ ಕುಸ್ತಿಪಟು ಹೊರಬರುವಾಗ ಮಧ್ಯರಾತ್ರಿಯಾಗಿರುತ್ತದೆ. ಅವನೊಬ್ಬನಿಗಾಗಿ ಎಪ್ಪತ್ತು ಕಿಲೋಮೀಟರ್ ಆಚೆಯ ಗ್ರಾಮಕ್ಕೆ ವಾಹನ ಕಾದಿರಬೇಕು, ಅಲ್ಲಿ ಬಿಸಿ ಊಟವೂ ಇರಬೇಕು. ಬಿಡ್ ಪುಸ್ತಕದ ನಕ್ಷೆಯಲ್ಲಿ ಈ ಕುಸ್ತಿಪಟು ಕಾಣುವುದಿಲ್ಲ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಥೆ ಇದೇ. 2026ರ ಕಾಮನ್‌ವೆಲ್ತ್ ಕೂಟವನ್ನು ರಾಜಧಾನಿ ಮೆಲ್ಬರ್ನ್‌ಗೆ ಕೊಡದೆ ಜೀಲಾಂಗ್, ಬಲ್ಲಾರಟ್, ಬೆಂಡಿಗೊ, ಗಿಪ್ಸ್‌ಲ್ಯಾಂಡ್ ಮೊದಲಾದ ಕಡೆ ಹಂಚುವ ಯೋಜನೆಗೆ 2022ರ ಏಪ್ರಿಲ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಆಶಯ ಒಳ್ಳೆಯದೇ: ಹಣ ಹಳ್ಳಿಗಾಡಿನ ಕಡೆ ಹರಿಯಲಿ, ಕ್ರೀಡಾಗ್ರಾಮಗಳು ಆಮೇಲೆ ಜನರಿಗೆ ಮನೆಗಳಾಗಲಿ. ಆರಂಭದ ಲೆಕ್ಕ 260 ಕೋಟಿ ಆಸ್ಟ್ರೇಲಿಯನ್ ಡಾಲರ್. 2023ರ ಜುಲೈ 18ರಂದು, ಒಪ್ಪಿಗೆ ಸಿಕ್ಕು ಹದಿನೈದು ತಿಂಗಳಲ್ಲಿ, ವೆಚ್ಚ 600ರಿಂದ 700 ಕೋಟಿ ದಾಟಬಹುದೆಂದು ಹೇಳಿ ರಾಜ್ಯದ ಆಗಿನ ಪ್ರೀಮಿಯರ್ (ಮುಖ್ಯಮಂತ್ರಿ) ಡೇನಿಯಲ್ ಆಂಡ್ರ್ಯೂಸ್ ಕೂಟವನ್ನೇ ಕೈಬಿಟ್ಟರು. ಕರಾರು ಮುರಿದದ್ದಕ್ಕೆ ತೆತ್ತ ಪರಿಹಾರ 38 ಕೋಟಿ. ರಾಜ್ಯದ ಮಹಾಲೆಕ್ಕಪರಿಶೋಧಕರು ಮರುವರ್ಷ ಕೊಟ್ಟ ವರದಿಯಂತೆ, ನಡೆಯದ ಕೂಟಕ್ಕೆ ಒಟ್ಟು ಖರ್ಚಾದದ್ದು 58.9 ಕೋಟಿಗೂ ಹೆಚ್ಚು. ಆರಂಭದ ಲೆಕ್ಕದಲ್ಲಿ ಖರ್ಚನ್ನು ಕಡಿಮೆಯಾಗಿಯೂ ಲಾಭವನ್ನು ಹೆಚ್ಚಾಗಿಯೂ ತೋರಿಸಲಾಗಿತ್ತು, ಕೈಬಿಡುವಾಗ ಹೇಳಿದ ಅಂಕಿಯೂ ಉಬ್ಬಿದ್ದಾಗಿತ್ತು ಎಂದು ಆ ವರದಿ ಎರಡನ್ನೂ ತಪ್ಪೆಂದಿತು. ಆ ಊರುಗಳ ಜನರ ಬಗ್ಗೆ ನನಗೆ ಬೇಸರವಾಗುತ್ತದೆ. ಅವರಿಗೆ ತೋರಿಸಿದ ಎರಡು ಲೆಕ್ಕಗಳಲ್ಲಿ ಒಂದೂ ನೆಟ್ಟಗಿರಲಿಲ್ಲ.

ಇದಕ್ಕೆ ಪರಿಹಾರವೂ ಉಂಟು. ಜಪಾನಿನ ಆಯ್ಚಿ ಪ್ರಾಂತ್ಯ ಮತ್ತು ನಗೋಯಾ ನಗರ 2026ರ ಏಷ್ಯನ್ ಕೂಟಕ್ಕಾಗಿ ಹಳೆಯ ಕುದುರೆ ಜೂಜಿನ ಮೈದಾನದಲ್ಲಿ ಕ್ರೀಡಾಗ್ರಾಮ ಕಟ್ಟುವ ಯೋಜನೆಯನ್ನು ದುಬಾರಿಯೆಂದು ಬಿಟ್ಟುಕೊಟ್ಟು, ಹೋಟೆಲ್, ಪ್ರವಾಸಿ ಹಡಗು, ಸಾಗಿಸಬಹುದಾದ ತಾತ್ಕಾಲಿಕ ಕೊಠಡಿಗಳ ಮೊರೆಹೋದವು. ಈಜು ಸ್ಪರ್ಧೆಯನ್ನು ಟೋಕಿಯೊದಲ್ಲಿ ಈಗಾಗಲೇ ಇರುವ ಕೊಳಕ್ಕೆ ಕಳಿಸಿದವು. ಹಾಸಿಗೆ ಇದ್ದಷ್ಟು ಕಾಲು ಚಾಚುವುದೆಂದರೆ ಇದು. ನಾಲ್ಕೂ ಊರಿಗೂ ಒಂದೊಂದು ಗ್ರಾಮ ಬೇಕೆಂಬ ಹಟ ಬಿಟ್ಟು, ಒಂದೋ ಎರಡೋ ಕಡೆ ವಸತಿ ಇಟ್ಟು, ಉಳಿದ ಊರುಗಳಿಗೆ ಒಂದು ಗಂಟೆಯೊಳಗೆ ತಲುಪುವ ಆಟಗಳನ್ನು ಕೊಡುವುದು ನನ್ನ ದೃಷ್ಟಿಯಲ್ಲಿ ಸುರಕ್ಷಿತ ದಾರಿ. ಆದರೆ ಗ್ರಾಮ ಸಿಗದ ಊರಿನ ಮೇಯರ್ ಅದಕ್ಕೆ ಒಪ್ಪಬೇಕು. ಕರಾರು ಬೇಕೆಂದದ್ದು ಅದಕ್ಕಾಗಿಯೇ.

ಆ ಕರಾರಿನಲ್ಲಿ ಅತಿ ಕಠಿಣವಾದ ಕಲಮು ಮಿತಿಮೀರಿದ ಖರ್ಚಿನದು. ಕೆನಡಾದ ಆಲ್ಬರ್ಟಾ ಪ್ರಾಂತ್ಯ 2030ರ ಕಾಮನ್‌ವೆಲ್ತ್ ಕೂಟಕ್ಕೆ ತಯಾರಿ ನಡೆಸಿ, 268 ಕೋಟಿ ಕೆನಡಾ ಡಾಲರ್ ಅಂದಾಜಿನಲ್ಲಿ 93%ರಷ್ಟು ತನ್ನ ತಲೆಯ ಮೇಲೆಯೇ ಬೀಳಬಹುದೆಂದು ಕಂಡಾಗ 2023ರ ಆಗಸ್ಟ್‌ನಲ್ಲಿ ಹಿಂದೆ ಸರಿಯಿತು. ಬಿಡ್ ಸಲ್ಲಿಸುವ ಮೊದಲೇ ಹಿಂದೆ ಸರಿದದ್ದು ಸೋಲಲ್ಲ, ತಯಾರಿ ತನ್ನ ಕೆಲಸ ಮಾಡಿತು ಎಂದೇ ನಾನು ಓದುತ್ತೇನೆ. ಇದಕ್ಕೆ ವ್ಯತಿರಿಕ್ತವಾದದ್ದು ಕೊಲಂಬಿಯಾದ ಬರಂಕಿಯಾ. 2027ರ ಪ್ಯಾನ್ ಅಮೆರಿಕನ್ ಕೂಟ ಕೈಯಲ್ಲಿದ್ದೂ, 80 ಲಕ್ಷ ಅಮೆರಿಕನ್ ಡಾಲರ್ ಶುಲ್ಕವನ್ನು ಗಡುವಿನೊಳಗೆ ಕಟ್ಟಲಾಗದೆ 2024ರ ಜನವರಿಯಲ್ಲಿ ಕಳೆದುಕೊಂಡಿತು. ಕೂಟ ಪೆರುವಿನ ಲಿಮಾಗೆ ಹೋಯಿತು. ಕ್ರೀಡಾಂಗಣಗಳ ಖರ್ಚಿನ ಮುಂದೆ 80 ಲಕ್ಷ ದೊಡ್ಡ ಮೊತ್ತವಲ್ಲ. ಯಾವ ತಾರೀಕಿಗೆ ಯಾರು ಚೆಕ್ ಬರೆಯಬೇಕೆಂಬುದು ಮಾತ್ರ ಗಟ್ಟಿಯಾಗಿರಬೇಕಿತ್ತು.

ಜನರನ್ನು ಯಾವಾಗ ಕೇಳಬೇಕು? ಆದಷ್ಟು ಬೇಗ. ಹ್ಯಾಂಬರ್ಗ್‌ನಲ್ಲಿ 2015ರಲ್ಲಿ, ಇನ್ಸ್‌ಬ್ರುಕ್ ಇರುವ ಟಿರೋಲ್ ಪ್ರಾಂತ್ಯದಲ್ಲಿ 2017ರಲ್ಲಿ, ಕ್ಯಾಲ್ಗರಿಯಲ್ಲಿ 2018ರಲ್ಲಿ ಮತದಾರರು ಒಲಿಂಪಿಕ್ಸ್ ಬಿಡ್ ಬೇಡವೆಂದರು. ಅದೇ 2025ರ ಅಕ್ಟೋಬರ್‌ನಲ್ಲಿ ಮ್ಯೂನಿಕ್ ಜನ ಸುಮಾರು 66% ಮತಗಳಿಂದ ಬೇಕೆಂದರು. ಎಲ್ಲಕ್ಕಿಂತ ಕೆಟ್ಟದ್ದು ಗೆದ್ದ ಮೇಲೆ ಕೇಳುವುದು. 1976ರ ಚಳಿಗಾಲದ ಒಲಿಂಪಿಕ್ಸ್ ಡೆನ್ವರ್‌ಗೆ ಸಿಕ್ಕಿ ಎರಡು ವರ್ಷಗಳಾದ ಮೇಲೆ, 1972ರಲ್ಲಿ ಕೊಲೊರಾಡೊ ಮತದಾರರು ಅದಕ್ಕೆ ಸಾರ್ವಜನಿಕ ಹಣ ಕೊಡಲು ನಿರಾಕರಿಸಿದರು. ಕೂಟ ಇನ್ಸ್‌ಬ್ರುಕ್‌ಗೆ ಸ್ಥಳಾಂತರವಾಯಿತು. ಪ್ರಾದೇಶಿಕ ಬಿಡ್‌ನಲ್ಲಿ ಊರೂರಿನ ಅಭಿಪ್ರಾಯವನ್ನೂ ಬೇರೆಬೇರೆಯಾಗಿ ತಿಳಿಯಬೇಕು. ಈಜು ಪಡೆದ ಊರಿನ ಉತ್ಸಾಹ ಬಿಲ್ಲುಗಾರಿಕೆ ಪಡೆದ ಊರಿನಲ್ಲಿ ಇರಲೇಬೇಕೆಂದಿಲ್ಲ.

ಆಯ್ಕೆಯ ಕ್ರಮದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಒಲಿಂಪಿಕ್ಸ್‌ನಲ್ಲಿ ಈಗ ಮೊದಲಿನಂತೆ ಐದಾರು ನಗರಗಳ ಬಹಿರಂಗ ಪೈಪೋಟಿ ಇಲ್ಲ. ಆಸಕ್ತರ ಜೊತೆ ಮಾತುಕತೆ ನಡೆದು, ಒಬ್ಬರನ್ನು ಆರಿಸಿ ಅವರೊಡನೆ ವಿವರವಾಗಿ ಚರ್ಚಿಸಿ, ಕೊನೆಗೆ ಮತಕ್ಕೆ ಹಾಕುತ್ತಾರೆ. 2032ಕ್ಕೆ ಬ್ರಿಸ್ಬೇನ್ 2021ರಲ್ಲಿ 72–5 ಮತಗಳಿಂದ ಬಂದದ್ದು ಹೀಗೆ. ಅದೂ ಬ್ರಿಸ್ಬೇನ್ ಒಂದರದೇ ಕನಸಾಗಿರಲಿಲ್ಲ. ಆಗ್ನೇಯ ಕ್ವೀನ್ಸ್‌ಲ್ಯಾಂಡ್‌ನ ಮೇಯರ್‌ಗಳ ಮಂಡಳಿ 2019ರಲ್ಲಿ ಕಾರ್ಯಸಾಧ್ಯತಾ ವರದಿ ತಂದಾಗ ಅದರ ಜೊತೆಗೇ ಆ ಪ್ರದೇಶದ ಜನಸಂಚಾರದ ಅಧ್ಯಯನವನ್ನೂ ಮುಂದಿಟ್ಟಿತ್ತು. ಆ ಬಿಡ್‌ನಲ್ಲಿ 84% ಸ್ಥಳಗಳು ಈಗಾಗಲೇ ಇದ್ದವು ಅಥವಾ ತಾತ್ಕಾಲಿಕವಾಗಿದ್ದವು. ಆದರೂ ಮುಖ್ಯ ಕ್ರೀಡಾಂಗಣ ಎಲ್ಲಿರಬೇಕೆಂದು ತೀರ್ಮಾನಿಸಲು ಗೆದ್ದ ಮೇಲೆ ಸುಮಾರು ನಾಲ್ಕು ವರ್ಷ ಹಿಡಿಯಿತು. ಗಾಬಾ ಮೈದಾನವನ್ನು ಕೆಡವಿ ಕಟ್ಟುವ ಯೋಜನೆ 100 ಕೋಟಿ ಆಸ್ಟ್ರೇಲಿಯನ್ ಡಾಲರ್‌ನಿಂದ 270 ಕೋಟಿಗೆ ಏರಿ ಬಿದ್ದುಹೋಯಿತು. 2025ರ ಮಾರ್ಚ್‌ನಲ್ಲಿ ಬ್ರಿಸ್ಬೇನ್‌ನದೇ ವಿಕ್ಟೋರಿಯಾ ಪಾರ್ಕ್‌ನಲ್ಲಿ 63,000 ಆಸನಗಳ ಹೊಸ ಕ್ರೀಡಾಂಗಣವೆಂದು ಘೋಷಣೆಯಾಯಿತು. ಒಳಗೆ ಮೊದಲೇ ಇತ್ಯರ್ಥವಾಗದೆ ಉಳಿದ ಒಂದೇ ಒಂದು ಪ್ರಶ್ನೆ ಎಷ್ಟು ವರ್ಷ ತಿನ್ನಬಲ್ಲದು ನೋಡಿ.

ನಿಮ್ಮ ಪ್ರಶ್ನೆಗೆ ನೇರ ಉತ್ತರ ಬೇಕೆಂದರೆ, ಮೊದಲ ತಿಂಗಳಿಗೆ ಸಲಹಾ ಕಂಪನಿಯೂ ಬೇಡ, ಲಾಂಛನವೂ ಬೇಡ. ಪ್ರತಿ ಊರಿನಿಂದ ಒಬ್ಬ ಎಂಜಿನಿಯರ್, ಒಬ್ಬ ಲೆಕ್ಕಪತ್ರ ಅಧಿಕಾರಿ, ಕ್ರೀಡಾಕೂಟದಲ್ಲಿ ತಂಡದ ಜೊತೆ ಓಡಾಡಿ ಗೊತ್ತಿರುವ ಒಬ್ಬ ತರಬೇತುದಾರ, ಇಷ್ಟು ಜನ ಒಂದು ವ್ಯಾನಿನಲ್ಲಿ ಹೊರಡಲಿ. ಕೊಳದ ಉದ್ದ ಅಳೆಯಲಿ, ಚಾವಣಿಯ ಎತ್ತರ ಅಳೆಯಲಿ, ಹೋಟೆಲುಗಳ ಮತ್ತು ವಿದ್ಯಾರ್ಥಿನಿಲಯಗಳ ಹಾಸಿಗೆಗಳನ್ನು ಎಣಿಸಲಿ. ಬೆಳಿಗ್ಗೆ ಐದೂವರೆಗೆ ಒಂದು ಸಲ, ಸಂಜೆ ಆರಕ್ಕೆ ಇನ್ನೊಂದು ಸಲ, ಊರಿಂದೂರಿಗೆ ಎಷ್ಟು ನಿಮಿಷ ಹಿಡಿಯುತ್ತದೆಂದು ಗಡಿಯಾರ ನೋಡಿ ಬರೆದುಕೊಳ್ಳಲಿ. ಆ ವಹಿಯನ್ನು ಮುಂದಿಟ್ಟುಕೊಂಡು ಮೇಯರ್‌ಗಳು ಒಂದೇ ಮೇಜಿನ ಸುತ್ತ ಕೂರಲಿ.