ಡಿಶ್ ವೈರಿಂದ ಒಳಗೆ ಬರೋ ಸಿಡಿಲು

ಮಡಿಕೇರಿ, ನಾಪೋಕ್ಲು ಕಡೆ ಹೋಂ ಥಿಯೇಟರ್ ಹಾಕಿಕೊಡೋ ಕೆಲಸ ನಂದು. ಫೋನ್ ಮಾಡೋರು ಮೊದ್ಲು ಕೇಳೋದು ಪಿಕ್ಚರು, ಸೌಂಡು ಎರಡೂ ಒಯ್ಯೋ ಎಚ್‌ಡಿಎಂಐ ಕೇಬಲ್ ಗೋಲ್ಡ್ ಪ್ಲೇಟೆಡ್ ತಗೊಳ್ಲಾ ಅಂತ, ನಾನು ಕೇಳೋದು ನಿಮ್ಮನೆ ಅರ್ಥಿಂಗ್ ಸರಿ ಇದ್ಯಾ ಅಂತ. ಅಲ್ಲಿಗೆ ಆ ಕಡೆ ಮಾತೇ ಇರಲ್ಲ.

ತೋಟದೋರೆಲ್ಲ ಕಾಫಿ ಹೂ ಅರಳಿಸೋ ಹೂಮಳೆ ಯಾವಾಗ ಬರುತ್ತೋ ಅಂತ ಆಕಾಶ ನೋಡ್ತಿರ್ತಾರೆ, ನಂಗೆ ಆ ಮಳೆ ಗುಡುಗಿದ ಮರುದಿನ ಬೆಳಿಗ್ಗೆಯಿಂದ ಒಂದೇ ಸಮ ಫೋನು. ಒಂದು ಮನೇಲಿ ಪವರ್ ಪ್ಲಗ್ ಎಲ್ಲಾ ಕಿತ್ತಿಟ್ಟಿದ್ರೂ ರಿಸೀವರಿನ (ಸ್ಪೀಕರಿಗೆಲ್ಲ ಸೌಂಡ್ ಹಂಚೋ ಪೆಟ್ಟಿಗೆ) ಎಚ್‌ಡಿಎಂಐ ಬೋರ್ಡ್ ಸುಟ್ಟೋಗಿತ್ತು. ಹತ್ರದಲ್ಲೆಲ್ಲೋ ಸಿಡಿಲು ಬಿದ್ದಿದೆ, ಮಾಡಿನ ಮೇಲಿನ ಡಿಶ್ ವೈರಲ್ಲಿ ಇಳಿದು ಸೆಟ್‌ಟಾಪ್ ಬಾಕ್ಸಿಗೆ ಬಂದು ಅಲ್ಲಿಂದ ಎಚ್‌ಡಿಎಂಐ ಹಿಡ್ಕೊಂಡು ಸೀದಾ ರಿಸೀವರ್ ಒಳಗೆ ಹೋಗಿದೆ. ಅದಕ್ಕೆ ಮೋಡ ಕಟ್ತಿದ್ದಂಗೆ ಡಿಶ್ ಕೇಬಲ್, ಇಂಟರ್ನೆಟ್ ವೈರ್ ಕೂಡ ಕಿತ್ತಿಡಿ, ಗುಡುಗೋಕೆ ಶುರುವಾದ್ಮೇಲೆ ಮುಟ್ಟೋಕೆ ಹೋಗ್ಬೇಡಿ.

ಒಮ್ಮೆಲೇ ನುಗ್ಗೋ ವೋಲ್ಟೇಜ್ ತಡೆಯೋ ಸರ್ಜ್ ಪ್ರೊಟೆಕ್ಟರ್ ಬೇಕೇಬೇಕು, ಆದ್ರೆ ಅರ್ಥಿಂಗ್ ಇಲ್ದಿದ್ರೆ ಅದು ಅರ್ಧ ಕೆಲಸಾನೂ ಮಾಡಲ್ಲ. ಪ್ರತಿ ಏಟಿಗೂ ಅದರೊಳಗಿನ ಪಾರ್ಟ್ ಸ್ವಲ್ಪ ಸ್ವಲ್ಪ ಸವೀತಾ ಹೋಗುತ್ತೆ, ಪ್ರೊಟೆಕ್ಷನ್ ಲೈಟ್ ಆರಿದ್ರೆ ಬದಲಾಯಿಸಿ. ವೋಲ್ಟೇಜ್ ಇಳಿದ್ರೆ ಅದು ಎತ್ತಲ್ಲ. ಲೈನಿನ ತುದೀಲಿರೋ ತೋಟದ ಮನೆಗಳಿಗೆ, ಮೋಟಾರ್ ಓಡೋ ಹೊತ್ತಲ್ಲಿ ಬಲ್ಬು ಮಂಕಾಗುತ್ತಲ್ಲ ಅಂಥ ಕಡೆ, ಸ್ಟೆಬಿಲೈಜರ್ ಬೇರೆ ಹಾಕ್ಲೇಬೇಕು.

ಸ್ಪೀಕರ್ ವೈರಲ್ಲಿ ಮೋಸ ಜಾಸ್ತಿ. ತಾಮ್ರ ಅಂತ ಕೊಡ್ತಾರೆ, ಒಂದು ಎಳೆ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಹೊಳೆದ್ರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಹತ್ತಿರದ ಸ್ಪೀಕರಿಗೆ 1.5 ಸ್ಕ್ವೇರ್ ಎಂಎಂ ಸಾಕು, ದೊಡ್ಡ ಹಾಲಲ್ಲಿ ಹಿಂದಿನ ಸ್ಪೀಕರಿಗೆ ಸುತ್ತಿ ಬಳಸಿ 15 ಮೀಟರ್ ಆಗೋ ಕಡೆ 2.5 ಹಾಕಿ.

ಎಚ್‌ಡಿಎಂಐಗೆ ದುಡ್ಡು ಸುರೀಬೇಡಿ. ಡಿಜಿಟಲ್ ಸಿಗ್ನಲ್ ಅದು, ಬಂದ್ರೆ ಪೂರ್ತಿ ಬರುತ್ತೆ, ಇಲ್ಲಾಂದ್ರೆ ಚುಕ್ಕಿ ಹೊಡೆದು ಕಟ್ ಆಗುತ್ತೆ, ಚಿನ್ನ ಬಳಿದ್ರೆ ಬಣ್ಣ ಏನೂ ಏರಲ್ಲ. 18 ಜಿಬಿಪಿಎಸ್ (ಡೇಟಾ ಹರಿಯೋ ವೇಗ) ಕೇಬಲ್ ಸಿನಿಮಾಗೆ ಧಾರಾಳ, ಮಕ್ಳು 4ಕೆಲಿ ಸೆಕೆಂಡಿಗೆ 120 ಫ್ರೇಮಿನ ಗೇಮ್ ಆಡೋದಿದ್ರೆ 48 ಜಿಬಿಪಿಎಸ್‌ದು. ಟಿವಿಲಿ ಇಎಆರ್‌ಸಿ ಅಂತ ಬರೆದಿರೋ, ಟಿವಿ ಸೌಂಡನ್ನ ರಿಸೀವರಿಗೆ ಕಳಿಸೋ ಪೋರ್ಟಿಗೇ ಚುಚ್ಚಿ, ಆಪ್ಟಿಕಲ್ ಕೇಬಲಲ್ಲಿ ತಲೆ ಮೇಲಿಂದಲೂ ಸೌಂಡ್ ಕೇಳಿಸೋ ಡಾಲ್ಬಿ ಆಟ್ಮಾಸ್ ಬರಲ್ಲ.

ಚಿನ್ನದ ಲೇಪ ನಮ್ಮೂರಲ್ಲಿ ಕೆಲಸಕ್ಕೆ ಬರೋದು ಒಂದೇ ಕಡೆ, ಸ್ಪೀಕರ್ ವೈರಿನ ತುದಿಗೆ ಹಾಕೋ ಬನಾನಾ ಪ್ಲಗ್ಗಲ್ಲಿ. ಎರಡು ಮಳೆಗಾಲ ಕಳೆದ ಬರೀ ತಾಮ್ರದ ತುದಿ ಹಸಿರು ಕಿಲುಬು ಹಿಡಿದು ಸೌಂಡ್ ಕರಕರ ಅನ್ನುತ್ತೆ, ಚಿನ್ನಕ್ಕೆ ಕಿಲುಬಿಲ್ಲ. ಹಿಡಿದಿದ್ರೆ ಅಷ್ಟುದ್ದ ಕತ್ತರಿಸಿ ಹೊಸ ತುದಿ ತೆಗೆದು ಪ್ಲಗ್ ಹಾಕಿ.

ಕಕ್ಕಡದಲ್ಲಿ, ಅಂದ್ರೆ ಕೊಡವರ ಜಡಿಮಳೆ ತಿಂಗಳಲ್ಲಿ, ಚಪ್ಪಲಿಗೇ ಬೂಷ್ಟು ಬರುತ್ತೆ, ಇನ್ನು ಆಂಪ್ಲಿಫೈಯರ್ ಬಿಡುತ್ತಾ. ದಿನಾ ಅರ್ಧ ಗಂಟೆ ಹಾಡಾದ್ರೂ ಹಾಕಿ, ಬೆಚ್ಚಗಾದ್ರೆ ತೇವ ಆರುತ್ತೆ, ಕಪಾಟಿನ ಗಾಜಿನ ಬಾಗಿಲು ತೆಗೆದಿಟ್ಟು ಹಾಕಿ ಮತ್ತೆ.