ಕತ್ತಾಳೆಗೂ ಜರಿ ಅಂಚು

ಹೊಲದ ಬದುವಿಗೆ ಬೇಲಿಯಾಗಿ ನೆಡುವ ಕತ್ತಾಳೆಯನ್ನು ಬೆಂಗಳೂರಿನಲ್ಲಿ ದುಡ್ಡು ಕೊಟ್ಟು ತಂದೆ ಅಂದಾಗ ಅಮ್ಮ ನಕ್ಕುಬಿಟ್ಟರು. ಆದರೆ ಇದಕ್ಕೆ ಜರಿ ಅಂಚಿದೆ. ಬೂದುಹಸಿರು ಎಲೆ, ಎರಡೂ ಕಡೆ ಹಳದಿ ಪಟ್ಟಿ. ಮೂಲ ಮೆಕ್ಸಿಕೊ ಕಡೆಯದು. ಹೆಸರು ಅಗಾವೆ ಅಮೆರಿಕಾನಾ, ತಳಿ ಮಾರ್ಜಿನಾಟಾ.

ಈ ಹಳದಿ ರೋಗವಲ್ಲ. ಎಲೆ ಹುಟ್ಟುವ ಕುಡಿಯಲ್ಲಿ ಕೋಶಗಳು ಪದರ ಪದರವಾಗಿರುತ್ತವೆ. ಅದರಲ್ಲೊಂದು ಪದರಕ್ಕೆ ಪತ್ರಹರಿತ್ತು ಸರಿಯಾಗಿ ಮಾಡಿಕೊಳ್ಳಲು ಬರುವುದಿಲ್ಲ. ಅದರಿಂದ ಬೆಳೆದ ಅಂಚು ಹಳದಿ, ಉಳಿದದ್ದು ಹಸಿರು. ಹಸಿರು ದುಡಿಯುತ್ತದೆ, ಹಳದಿ ಕೂತು ಉಣ್ಣುತ್ತದೆ! ಹಾಗಾಗಿ ಇದರ ಬೆಳವಣಿಗೆ ನಿಧಾನ. ಬೀಜ ಹಾಕಿದರೆ ಅಂಚು ಬರುವುದಿಲ್ಲ, ಬುಡದ ಮರಿಯನ್ನೇ ಕಿತ್ತು ನೆಡಬೇಕು. ಒಮ್ಮೊಮ್ಮೆ ಪೂರ್ತಿ ಹಸಿರು ಮರಿ ಏಳುತ್ತದೆ. ಬಿಟ್ಟರೆ ಅದೇ ಜೋರಾಗಿ ಬೆಳೆದು ಕುಂಡ ತುಂಬಿಕೊಳ್ಳುತ್ತದೆ. ಅಂಥದ್ದೊಂದನ್ನು ಕಿತ್ತಾಗ ಅಮ್ಮ ಊರಿಗೆ ಒಯ್ದರು. ಬೇಲಿಗೆ.

ಮೊದಲ ಗಿಡವನ್ನು ನಾನೇ ಕೊಂದೆ, ದಿನಾ ನೀರು ಹಾಕಿ. ಕತ್ತಾಳೆ ಹಗಲು ಎಲೆಯ ರಂಧ್ರ ಮುಚ್ಚಿಕೊಂಡಿರುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬೆಳಗಾದ ಮೇಲೆ ಅದರಿಂದ ಸಕ್ಕರೆ. ಬಿಸಿಲಲ್ಲಿ ಬಾಗಿಲು ತೆರೆಯದವರಿಗೆ ನೀರು ಜಾಸ್ತಿ ಖರ್ಚಾಗಲ್ಲ, ಅಲ್ವಾ? ಈ ಗುಟ್ಟಿನ ಸುಳಿವಿಗೆ ನಮ್ಮೂರಿನ ನಂಟೂ ಇದೆ. ಟಿಪ್ಪುವಿನ ನಂತರ ಲಾಲ್‌ಬಾಗ್ ನೋಡಿಕೊಂಡಿದ್ದ ಬೆಂಜಮಿನ್ ಹೈನ್, ಕಾಡುಬಸಳೆ ಎಲೆ ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ ಎಂದು ಜಗಿದೇ ಕಂಡುಕೊಂಡರು. ಅದು 1815ರಲ್ಲಿ ಅಚ್ಚಾಯಿತು. ಪುಸ್ತಕದಲ್ಲಿಟ್ಟರೆ ಎಲೆಯಂಚಿಗೆ ಮರಿ ಬರುತ್ತಲ್ಲ, ಅದೇ ಗಿಡ. ಕತ್ತಾಳೆಯನ್ನು ಮಾತ್ರ ಜಗಿಯಬೇಡಿ. ರಸದಲ್ಲಿ ಸೂಜಿಯಂಥ ಹರಳುಗಳಿವೆ, ಮೈಗೆ ತಾಕಿದರೂ ತುರಿಕೆ.

ಇಲ್ಲಿ ಇದಕ್ಕೆ ಬಿಸಿಲಿನ ಭಯವಿಲ್ಲ, ಸೆಪ್ಟೆಂಬರ್ ಮಳೆಯದೇ ಭಯ. ಕೆಂಪು ಮಣ್ಣಿಗೆ ಸಮ ಪಾಲು ದಪ್ಪ ಮರಳು, ಇಟ್ಟಿಗೆ ಚೂರು ಬೆರೆಸಿ. ಕುಂಡದಡಿ ತಟ್ಟೆ ಬೇಡ. ಮಳೆಗಾಲದಲ್ಲಿ ಸಜ್ಜೆಯ ಕೆಳಗೆ ಸರಿಸಿ.

ಹತ್ತಿರದಿಂದ ನೋಡಿದರೆ ಎಲೆಯ ಬೆನ್ನ ಮೇಲೆ ಗರಗಸದಂಥ ಗೆರೆ ಕಾಣುತ್ತದೆ. ನಡುವಿನ ಮೊನೆಯಲ್ಲಿ ಎಳೆ ಎಲೆಗಳು ಬಿಗಿಯಾಗಿ ಸುತ್ತಿಕೊಂಡಿರುವಾಗ ಒಂದರ ಮುಳ್ಳು ಇನ್ನೊಂದರ ಮೇಲೆ ಒತ್ತಿ ಮೂಡಿದ ಅಚ್ಚು ಅದು. ಮಕ್ಕಳಿರುವ ಮನೆಯಾದರೆ ತುದಿಮುಳ್ಳನ್ನು ನೇಲ್ ಕಟರ್‌ನಲ್ಲಿ ಚಿವುಟಿಬಿಡಿ, ಗಿಡಕ್ಕೇನೂ ಆಗದು.

ಹೂವು ಬಿಡುವುದು ಒಂದೇ ಸಲ, ಹತ್ತಿಪ್ಪತ್ತು ವರ್ಷಕ್ಕೆ. ಎರಡಾಳೆತ್ತರ ಮೀರಿ ಕಂಬ ಏಳುತ್ತದೆ, ಆಮೇಲೆ ತಾಯಿಗಿಡ ಒಣಗುತ್ತದೆ. ನನ್ನದಕ್ಕೆ ಈಗ ಆರು ವರ್ಷ. ಬುಡದಲ್ಲಿ ಮೂರು ಮರಿಗಳಿವೆ, ಮೂರಕ್ಕೂ ಜರಿ ಇದೆ.